ತೊಟ್ಟಿಯ ಮೇಲಿನ ಆಕಾಶ ಮುಚ್ಚಬೇಡಿ

ಕಳೆದ ಜುಲೈನಲ್ಲಿ ಅಮ್ಮ ಮೈಸೂರಿನಿಂದ ಅಹಮದಾಬಾದಿಗೆ ಬಂದಿದ್ದರು. ನಾನು ಇಲ್ಲಿ ನೆಲೆಸಿ 11 ವರ್ಷವಾಯಿತು. ಸಾಬರಮತಿಯ ಪಶ್ಚಿಮ ದಂಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆ. ಈ ಸಲ ಅಮ್ಮನನ್ನು ನದಿಯಾಚೆಯ ಹಳೇ ಊರಿಗೆ ಕರೆದುಕೊಂಡು ಹೋಗಿ, ಐದೇ ಕೋಣೆಗಳ ಒಂದು ಹವೇಲಿ (ಹಳೇ ಕಾಲದ ದೊಡ್ಡ ಮನೆ) ಹೋಟೆಲಿನಲ್ಲಿ ಎರಡು ರಾತ್ರಿ ಉಳಿಸಿಕೊಂಡೆ.

ಕಾರು ಬಾಗಿಲ ತನಕ ಹೋಗುವುದಿಲ್ಲ. ಹೋಟೆಲಿನ ಹುಡುಗ ಬಂದು ಪೆಟ್ಟಿಗೆ ಎತ್ತಿಕೊಂಡ. ಇಲ್ಲಿನ ಕೇರಿಗಳನ್ನು ಪೋಳ್ ಅನ್ನುತ್ತಾರೆ. ಒಂದು ಹೆಬ್ಬಾಗಿಲು, ಒಳಗೆ ಒಂದಕ್ಕೊಂದು ಅಂಟಿಕೊಂಡ ಮರದ ಮನೆಗಳು, ಒಂದು ಗುಡಿ, ಹಕ್ಕಿಗಳಿಗೆ ಕಾಳು ಹಾಕಲು ಎತ್ತರದ ಕಂಬದ ಮೇಲೆ ಚಬೂತರೋ. ಪ್ರತಿ ಮನೆ ಮುಂದೆ ಓಟ್ಲೋ. ನಮ್ಮ ಜಗಲಿಯೇ ಅದು.

ಹವೇಲಿಯ ಒಳಗೆ ಕಾಲಿಟ್ಟ ಅಮ್ಮ ನಿಂತುಬಿಟ್ಟರು. ನಡುವೆ ತೆರೆದ ಚೌಕ, ನಾಲ್ಕೂ ಕಡೆ ಮರದ ಕಂಬಗಳು, ಮೇಲೆ ಮೋಡ ಕವಿದ ಆಕಾಶ. "ಇದು ನಮ್ಮನೆ ತೊಟ್ಟಿ ಥರಾನೇ ಇದೆಯಲ್ಲೋ!" ಅಂದರು. ನಮ್ಮ ಅಜ್ಜನ ಮನೆ ಮೈಸೂರಿನ ಅಗ್ರಹಾರದಲ್ಲಿತ್ತು. 2009ರಲ್ಲಿ ಮಾರಿದೆವು. ಈಗ ಅಲ್ಲಿ ಅಂಗಡಿಗಳ ಕಟ್ಟಡ ಇದೆ. ಅಮ್ಮ ಆ ಬೀದಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ರಾತ್ರಿ ಜೋರು ಮಳೆ. ಚೌಕದ ಕಲ್ಲಿನ ಮೇಲೆ ನೀರು ಬೀಳುವ ಸದ್ದು ಕೇಳುತ್ತಾ ಇಬ್ಬರೂ ತುಂಬ ಹೊತ್ತು ಕೂತಿದ್ದೆವು. ಚೌಕದ ಮೂಲೆಯಲ್ಲಿ ಒಂದು ಮುಚ್ಚಳ ಇತ್ತು. ಕೆಳಗೆ ಟಾಂಕಾ, ಅಂದರೆ ನೆಲದೊಳಗಿನ ನೀರಿನ ತೊಟ್ಟಿ. ಮೊದಲ ಮಳೆಯ ನೀರನ್ನು ಹೊರಗೆ ಬಿಡುತ್ತಾರೆ. ಛಾವಣಿ ತೊಳೆದು ಚೊಕ್ಕಟವಾದ ಮೇಲೆ ಬಿದ್ದ ನೀರು ಕೊಳವೆಯಲ್ಲಿ ಇಳಿದು ಕೆಳಗೆ ಸೇರುತ್ತದೆ. ಗೋಡೆಗೆ ಸುಣ್ಣದ ಗಾರೆ, ಒಳಗೆ ಬೆಳಕಿಲ್ಲ. ಹಾಗಾಗಿ ನೀರು ಬೇಗ ಕೆಡುವುದಿಲ್ಲ. ಹಿಂದೆ ವರ್ಷವಿಡೀ ಕುಡಿಯಲು ಇದೇ ನೀರು.

ಈ ಮನೆಗಳಲ್ಲಿ ಇಟ್ಟಿಗೆ ಗೋಡೆಯ ನಡುನಡುವೆ ಮರದ ತೊಲೆ ಹಾಕಿ ಬಿಗಿದಿರುತ್ತಾರೆ. 2001ರ ಜನವರಿ 26ರ ಭೂಕಂಪದಲ್ಲಿ ಈ ಊರಿನ ಹಲವು ಹೊಸ ಬಹುಮಹಡಿ ಕಟ್ಟಡಗಳು ಕುಸಿದವು. ಪೋಳ್‌ಗಳ ಮರದ ಮನೆಗಳು ಹೆಚ್ಚಿನವು ಅಲುಗಾಡಿದರೂ ನಿಂತವು. ಹಳೇ ಮನೆ ಅಂದರೆ ಅಪಾಯ ಅಂತ ನಮ್ಮ ಊರಿನಲ್ಲಿ ಸಲೀಸಾಗಿ ಹೇಳುತ್ತಾರಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಗುಜರಾತಿನಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಪೋಳ್‌ಗಳಿಂದ ಎಷ್ಟೋ ಕುಟುಂಬಗಳು ನನ್ನಂಥವರು ಇರುವ ಕಡೆಗೆ ಬಂದುಬಿಟ್ಟಿವೆ. ಖಾಲಿ ಮನೆಗಳು ಮಾರ್ಕೆಟ್ಟಿನ ಗೋದಾಮುಗಳಾಗಿವೆ. ಬೀಗ ಬಿದ್ದ ಮನೆಗೆ ಗೆದ್ದಲು ಹಿಡಿಯುತ್ತದೆ. ಆದರೆ ಇಲ್ಲಿನವರು ಕೈಕಟ್ಟಿ ಕೂರಲಿಲ್ಲ. 1997ರಲ್ಲೇ ಪಾರಂಪರಿಕ ನಡಿಗೆ ಶುರು ಮಾಡಿದರು. ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಓಣಿಗಳಲ್ಲೇ ಸುತ್ತಿ ಜಾಮಾ ಮಸೀದಿಗೆ ಮುಟ್ಟುವ ನಡಿಗೆ ಅದು. ಸಿದಿ ಸಯ್ಯದ್ ಮಸೀದಿಯ ಎದುರಿಗೆ ಜವಳಿ ಉದ್ಯಮಿ ಮಂಗಳದಾಸ್ ಗಿರ್ಧರ್‌ದಾಸ್ ಅವರ 1924ರ ಮನೆಯನ್ನು ಅವರ ವಂಶದವರೇ ಹೋಟೆಲ್ ಮಾಡಿದರು. 2017ರಲ್ಲಿ ಯುನೆಸ್ಕೋ ಈ ಹಳೇ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದ ನಗರವೊಂದಕ್ಕೆ ಆ ಮಾನ ಸಿಕ್ಕಿದ್ದು ಅದೇ ಮೊದಲು.

ಇನ್ನು ನಮ್ಮ ಮೈಸೂರು. ಅರಮನೆ, ದಸರಾ ಅಂದರೆ ನಮಗೆ ಪ್ರಾಣ. ಸರಿ, ಅರಮನೆಯ ಸುತ್ತಲಿನ ಊರು? ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಗ್ರಹಾರದ ತೊಟ್ಟಿ ಮನೆಗಳದ್ದಂತೂ ಸುದ್ದಿಯೂ ಆಗುವುದಿಲ್ಲ. ಅಣ್ಣತಮ್ಮಂದಿರ ನಡುವೆ ಪಾಲಾಗುತ್ತದೆ, ಜೆಸಿಬಿ ಬರುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ನಾನೂ ಸಹಿ ಹಾಕಿದ್ದೇನೆ.

ಉಳಿಸಿದ ಕಡೆ ಇನ್ನೊಂದು ನೋವು. ಮೂರು ವರ್ಷದ ಹಿಂದೆ ನಮ್ಮ ಕಡೆಯೇ ಒಂದು ಹಳೇ ಮನೆಯ ಹೋಟೆಲಿನಲ್ಲಿ ಉಳಿದಿದ್ದೆ. ಕೆಮ್ಮಣ್ಣಿನ ಬಣ್ಣದ ಗಾರೆ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಕಿದ್ದರು. ಮರದ ಜಂತೆಗಳು ಕಾಣದ ಹಾಗೆ ಕೆಳಗೆ ಫಾಲ್ಸ್ ಸೀಲಿಂಗ್. ತೊಟ್ಟಿಯ ಮೇಲೆ ಪ್ಲಾಸ್ಟಿಕ್ ಶೀಟು. ಮಧ್ಯಾಹ್ನ ಸೆಖೆಗೆ ಕೂರಲಾಗದೆ ಏಸಿ ಹಾಕಿಕೊಂಡು ಕೋಣೆಯಲ್ಲೇ ಇದ್ದೆ. ಬಿಸಿ ಗಾಳಿ ಮೇಲೆ ಹೋಗಲಿ ಅಂತ ತಾನೇ ಹಿರಿಯರು ತೊಟ್ಟಿಯನ್ನು ತೆರೆದಿಟ್ಟಿದ್ದು?

ಅಹಮದಾಬಾದಿನ ಆ ಹವೇಲಿಯಲ್ಲಿ ಬಚ್ಚಲು ಚಿಕ್ಕದು. ಮೆಟ್ಟಿಲು ತೀರ ಕಡಿದಾಗಿದೆ, ಅಮ್ಮನ ಮಂಡಿಗೆ ಆಗುವುದಿಲ್ಲ ಅಂತ ಕೆಳಗಿನ ಕೋಣೆಯನ್ನೇ ಕೇಳಿ ತೆಗೆದುಕೊಂಡಿದ್ದೆ. ಆದರೆ ಮನೆಯನ್ನು ಮನೆಯಾಗಿಯೇ ಬಿಟ್ಟಿದ್ದಾರೆ. ಕೋಣೆ ಬಾಡಿಗೆಯಿಂದ ಮರಗೆಲಸಕ್ಕೆ, ಗಾರೆಗೆ ಖರ್ಚು ಹುಟ್ಟುತ್ತದೆ. ಪಕ್ಕದ ಮನೆಗಳಲ್ಲಿ ಜನ ಇನ್ನೂ ವಾಸ ಇದ್ದಾರೆ. ನನಗೆ ಇದೇ ಮುಖ್ಯ ಅನಿಸಿದ್ದು. ಕೇರಿಯಲ್ಲಿ ಒಗ್ಗರಣೆ ವಾಸನೆ ಬರಬೇಕು, ಮಕ್ಕಳು ಕಿರುಚಬೇಕು. ಎಲ್ಲ ಮನೆಗಳೂ ಹೋಟೆಲಾದರೆ ಬರೀ ಗೋಡೆ ಉಳಿದೀತು.

ಎರಡನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಮ್ಮ ಓಟ್ಲೋ ಮೇಲೆ ಕೂತಿದ್ದರು. ಪಕ್ಕದ ಮನೆಯ ಬೆನ್ (ಇಲ್ಲಿ ಅಕ್ಕನಿಗೆ ಹೀಗನ್ನುತ್ತಾರೆ) ಥೆಪ್ಲಾ ರೊಟ್ಟಿಗೆ ಅಂತ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಅಮ್ಮನಿಗೆ ಗುಜರಾತಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಅರ್ಧ ಕಟ್ಟು ಸೊಪ್ಪು ಅಮ್ಮನ ಮಡಿಲಲ್ಲಿತ್ತು.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಚಿಕ್ಕಪ್ಪನ ಮನೆಯ ಮಾತು ತೆಗೆದರು. ಅದೇ ಅಗ್ರಹಾರದಲ್ಲಿದೆ, ಇನ್ನೂ ಮಾರಿಲ್ಲ. ಹಿಂದಿನ ಪಡಸಾಲೆ ಸೋರುತ್ತಿದೆಯಂತೆ. ರಾತ್ರಿಯೇ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಯಾರು ಬಂದು ಉಳೀತಾರಪ್ಪಾ ಇಲ್ಲಿ?" ಅಂದರು. ಮೊದಲು ಎರಡು ಕೋಣೆ ಸರಿ ಮಾಡೋಣ, ಅರ್ಧ ಖರ್ಚು ನನ್ನದು ಅಂದೆ. ದಸರಾ ರಜೆಗೆ ಊರಿಗೆ ಹೋಗುತ್ತಿದ್ದೇನೆ. ಹಳೇ ಮರಗೆಲಸ ಗೊತ್ತಿರುವ ಒಬ್ಬ ಬಡಗಿಗೆ ಬಂದು ನೋಡಲು ಹೇಳಿದ್ದೇನೆ.