ಮುಚ್ಚಿಟ್ಟ ಕಾಯಿಲೆ, ಒಂಟಿ ಅಟೆಂಡರ್

ನಮ್ಮ ಕಡೂರು ಸೀಮೆಯಲ್ಲಿ ‘ಕಿದ್ವಾಯಿಗೆ ಬರೆದುಕೊಟ್ಟಿದ್ದಾರಂತೆ’ ಎಂದರೆ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. 1973ರಲ್ಲಿ ಆರಂಭವಾದ ಬೆಂಗಳೂರಿನ ಆ ಆಸ್ಪತ್ರೆಯ ಹೆಸರು ಈ ಐವತ್ತು ವರ್ಷಗಳಲ್ಲಿ ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ಹೀಗಿದ್ದೂ 2023ರ ಜುಲೈನಲ್ಲಿ ನನ್ನ ತಾಯಿಯನ್ನು ಅಲ್ಲಿಗೆ ಕರೆದೊಯ್ಯುವ ಹಿಂದಿನ ರಾತ್ರಿ ನಾವು ಮನೆಮಂದಿ ಕೂತು ಮಾಡಿದ ತೀರ್ಮಾನವೆಂದರೆ, ಇದು ಕ್ಯಾನ್ಸರ್ ಎಂಬುದು ಅಮ್ಮನಿಗೂ ತಿಳಿಯಬಾರದು, ಊರಿಗೂ ತಿಳಿಯಬಾರದು ಎಂಬುದು. ಗರ್ಭಕೋಶದ ಬಾಯಲ್ಲಿ ಸಣ್ಣ ಗಡ್ಡೆಯಾಗಿದೆ, ಕರೆಂಟ್ ಕೊಟ್ಟರೆ ಕರಗುತ್ತದೆ ಎಂದು ಹೇಳಿದೆವು. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಹೆಂಗಸಿಗೆ ನಾವು ಹೇಳಿದ ಸುಳ್ಳು ಅದು.

ಕ್ಯಾನ್ಸರ್ ರೋಗಿಯನ್ನು ನೋಡಿಕೊಳ್ಳುವವರು, ಆಸ್ಪತ್ರೆಯ ಮಾತಿನಲ್ಲಿ ಅಟೆಂಡರ್‌ಗಳು, ಒಂಟಿಯಾಗುವುದಕ್ಕೆ ದುಡ್ಡಿನ ಕೊರತೆಯನ್ನೋ ನೆಂಟರ ಕಲ್ಲುಮನಸ್ಸನ್ನೋ ಕಾರಣವಾಗಿ ಹೇಳುವವರು ಬಹಳ. ನನ್ನ ಅನುಭವ ಬೇರೆ. ನಮ್ಮನ್ನು ಒಂಟಿ ಮಾಡಿದ್ದು ನಾವೇ ಕಟ್ಟಿಕೊಂಡ ಗುಟ್ಟು. ಕಾಯಿಲೆ ಏನೆಂದು ಹೇಳದೆ ಸಹಾಯ ಕೇಳುವುದು ಹೇಗೆ? ಐದು ವಾರ ಬೆಂಗಳೂರಿನಲ್ಲಿ ಏಕೆ ಇರಬೇಕೆಂದು ಶಾಲೆಯಲ್ಲಿ ಹೇಳಲಾಗದೆ ‘ಮನೆಯ ತುರ್ತು ಕೆಲಸ’ ಎಂದು ಬರೆದು ರಜೆ ಪಡೆದೆ. ಸಹೋದ್ಯೋಗಿಗಳು ಸೈಟಿನ ವ್ಯವಹಾರವಿರಬೇಕೆಂದು ತಿಳಿದು ತಮಾಷೆ ಮಾಡಿದರು. ಬೇಸಾಯ ನೋಡಿಕೊಳ್ಳಲು ಪಕ್ಕದ ಮನೆಯವರನ್ನು ಕೇಳಲಿಲ್ಲ, ಕೇಳಿದರೆ ಕಾರಣ ಹೇಳಬೇಕಿತ್ತು. ಫೈಲಿನಲ್ಲಿ ‘ಸಿಎ ಸರ್ವಿಕ್ಸ್’, ಅಂದರೆ ಗರ್ಭಕಂಠದ ಕ್ಯಾನ್ಸರ್, ಎಂದು ಬರೆದಿದ್ದ ಹಾಳೆಯನ್ನು ಇಂಗ್ಲಿಷ್ ಬಾರದ ಅಮ್ಮನ ಕಣ್ಣಿಗೂ ಬೀಳದ ಹಾಗೆ ಒಳಗೆ ಮಡಚಿಡುತ್ತಿದ್ದೆ.

ಗುಟ್ಟಿಗೆ ಕಾರಣಗಳಿದ್ದವು, ಅವನ್ನು ಹಗುರವಾಗಿ ತಳ್ಳಿಹಾಕಲಾರೆ. ತಂಗಿಗೆ ಗಂಡು ನೋಡುತ್ತಿದ್ದೆವು, ‘ಆ ಮನೆತನದಲ್ಲಿ ಆ ಕಾಯಿಲೆ ಇದೆ’ ಎಂಬ ಒಂದು ಮಾತು ಸಂಬಂಧ ಮುರಿಯಲು ಸಾಕು. ಇನ್ನೊಂದು ಕಾರಣ ಹೇಳಲು ಸಂಕೋಚವಾದರೂ ಹೇಳಲೇಬೇಕು. ಗರ್ಭಕಂಠದ ಕ್ಯಾನ್ಸರ್ ಎಂದೊಡನೆ ಹೆಣ್ಣಿನ ನಡತೆಯ ಬಗ್ಗೆ ಪಿಸುಮಾತು ಹುಟ್ಟುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ಬಹಳ ಸಾಮಾನ್ಯವಾದ ವೈರಾಣು, ಒಬ್ಬನೇ ಗಂಡನೊಂದಿಗೆ ಬಾಳಿದ ಹೆಂಗಸಿನಲ್ಲೂ ವರ್ಷಗಟ್ಟಲೆ ಸದ್ದಿಲ್ಲದೆ ಉಳಿದು ಈ ರೋಗ ತರಬಲ್ಲದು ಎಂಬುದನ್ನು ನಾನು ತಿಳಿದದ್ದು ಆಸ್ಪತ್ರೆಯ ನರ್ಸ್ ಒಬ್ಬರಿಂದ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಕ್ಯಾನ್ಸರ್ ಅಂಟುವುದಿಲ್ಲ ಎಂಬುದನ್ನು ಓದಿದವರ ಮನೆಗಳಲ್ಲೂ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಅಮ್ಮನಿಗೆ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ 25 ಸಿಟ್ಟಿಂಗ್ ರೇಡಿಯೇಶನ್, ವಾರಕ್ಕೊಂದು ಕಿಮೋ, ಕೊನೆಯಲ್ಲಿ ಒಳಗಿನಿಂದ ಕೊಡುವ ರೇಡಿಯೇಶನ್ ಎಂದು ಬರೆದುಕೊಟ್ಟರು. ಯಂತ್ರದ ಕೋಣೆಗೆ ಹೋಗುವ ಮುನ್ನ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡಿರಬೇಕು. ಸರದಿ ತಡವಾದರೆ ಅಷ್ಟು ಹೊತ್ತು ಅದನ್ನು ತಡೆದುಕೊಂಡಿರಬೇಕು. ರಕ್ತಸ್ರಾವ ನಿಂತಿದೆಯೇ, ಚರ್ಮ ಸುಟ್ಟಂತಾಗಿದೆಯೇ, ಭೇದಿ ಎಷ್ಟು ಸಲ ಆಯಿತು ಎಂದು ಡಾಕ್ಟರು ಕೇಳಿದರೆ ಅಮ್ಮ ನನ್ನ ಮುಖ ನೋಡಿ ತಲೆ ತಗ್ಗಿಸುತ್ತಿದ್ದರು. ಮೂವತ್ತೆಂಟು ವರ್ಷದ ಮಗನ ಎದುರು ಯಾವ ತಾಯಿ ಇದಕ್ಕೆಲ್ಲ ಉತ್ತರ ಹೇಳುತ್ತಾಳೆ? ನಾನು ‘ಪರವಾಗಿಲ್ಲ ಸರ್’ ಎಂದು ಬಿಡುತ್ತಿದ್ದೆ. ಅದು ಸುಳ್ಳೆಂಬುದು ನನಗೂ ಗೊತ್ತಿತ್ತು.

ಎರಡನೇ ವಾರ ಸಾಲಿನಲ್ಲಿ ನಮ್ಮ ಪಕ್ಕ ಕೂತಿದ್ದವರು ಕೊಪ್ಪಳದ ಕಡೆಯ ಒಬ್ಬ ಹೆಂಗಸು. ತಮ್ಮ ಅಕ್ಕನನ್ನು ಕರೆತಂದಿದ್ದರು. ನನ್ನ ಕೈಯಲ್ಲಿದ್ದ ನೀರಿನ ಬಾಟಲಿಯನ್ನೂ ಅಮ್ಮನ ಮುಖವನ್ನೂ ನೋಡಿ, ‘ತಮ್ಮಾ, ನಿಮ್ಮವ್ವನ ಜೋಡಿ ನಾ ಒಳಗ ಹೋಗ್ತೀನಿ, ನೀ ಹೊರಗ ಕುಂದ್ರು’ ಎಂದರು. ಒಳಗಿನಿಂದ ಬಂದಾಗ ಅಮ್ಮನ ಕೈಯಲ್ಲಿ ಮುಲಾಮಿನ ಚೀಟಿಯಿತ್ತು, ಭೇದಿಗೆ ಮಾತ್ರೆ ಬರೆದಿತ್ತು. ನಾನು ಹತ್ತು ದಿನ ಮುಚ್ಚಿಟ್ಟಿದ್ದನ್ನು ಆಕೆ ಹತ್ತು ನಿಮಿಷದಲ್ಲಿ ಹೇಳಿಸಿದ್ದರು. ಆ ಸಂಜೆ ಗಂಜಿ ಕುಡಿಯುತ್ತಾ ಅಮ್ಮ, ‘ಆಯಮ್ಮನ ಅಕ್ಕಂಗೂ ಕ್ಯಾನ್ಸರೇ ಅಂತೆ ಕಣಪ್ಪ’ ಎಂದರು. ‘ಅಕ್ಕಂಗೂ’ ಎಂಬುದರ ಆ ‘ಊ’ಕಾರವೊಂದರಲ್ಲೇ ಎಲ್ಲ ಇತ್ತು. ನಾನು ಏನೂ ಹೇಳಲಿಲ್ಲ, ಅಮ್ಮ ಏನೂ ಕೇಳಲಿಲ್ಲ, ಆದರೆ ಮಾರನೆಯ ದಿನದಿಂದ ಫೈಲನ್ನು ತಾವೇ ಹಿಡಿದುಕೊಂಡರು.

ರೋಗಿಗೆ ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳಬೇಕೆಂದು ನಾನು ವಾದಿಸುತ್ತಿಲ್ಲ. ತಿಳಿಯಲು ಇಷ್ಟಪಡದವರೂ ಇರುತ್ತಾರೆ. ಎಷ್ಟು ತಿಳಿಯಬೇಕು ಎಂಬುದನ್ನು ಅವರನ್ನೇ ಕೇಳಬಹುದಲ್ಲ ಎಂಬುದಷ್ಟೇ ನನ್ನ ತಕರಾರು. ನಾವು ಕೇಳಲೇ ಇಲ್ಲ.

ಗುಟ್ಟು ಒಡೆದ ಮೇಲೆ ಆಸರೆಗಳು ಎಷ್ಟು ಹತ್ತಿರದಲ್ಲಿದ್ದವೆಂದರೆ ನನಗೆ ನಾಚಿಕೆಯಾಯಿತು. ಚಿಕ್ಕಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಆ ಜೂನ್‌ನಲ್ಲಷ್ಟೇ ಶಕ್ತಿ ಯೋಜನೆ ಬಂದಿದ್ದರಿಂದ ಸರ್ಕಾರಿ ಬಸ್ಸಿಗೆ ಅವರಿಗೆ ದುಡ್ಡಿನ ಚಿಂತೆಯಿರಲಿಲ್ಲ. ಪ್ರತಿ ಗುರುವಾರ ಬಂದು ಶನಿವಾರದವರೆಗೆ ಅಮ್ಮನ ಜೊತೆ ಇರತೊಡಗಿದರು. ಆ ಯೋಜನೆಯನ್ನು ಬೈಯುವವರ ಲೆಕ್ಕದಲ್ಲಿ ಇಂಥ ಪ್ರಯಾಣಗಳು ಸೇರಿವೆಯೋ ಇಲ್ಲವೋ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆಂದು ಹೋಗಿಬರಲು ರೈಲಿನ ಸ್ಲೀಪರ್‌ನಲ್ಲೂ ಮೂರನೇ ದರ್ಜೆಯ ಎಸಿಯಲ್ಲೂ ಪೂರ್ತಿ ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೆ 75 ಶೇಕಡಾ ರಿಯಾಯಿತಿ ಇದೆ ಎಂಬುದನ್ನು ಹೇಳಿದವರೂ ಸಾಲಿನಲ್ಲಿ ಕೂತಿದ್ದವರೇ. ಅದಕ್ಕೆ ಡಾಕ್ಟರ ಸಹಿಯ ಫಾರ್ಮ್ ಬೇಕು. ಮೊದಲ ಬಾರಿ ಬರುವಾಗ ಗುಟ್ಟು ಕಾಯಲೆಂದು ನಾನು ಕಾರು ಬಾಡಿಗೆಗೆ ಮಾಡಿದ್ದೆ! ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ, ಅದರ ಕಾಗದಪತ್ರಗಳಿಗೆಂದೇ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರು ಇರುತ್ತಾರೆ. ಅವರ ಬಳಿಯೂ ಕಾಯಿಲೆಯ ಹೆಸರನ್ನು ಬಾಯಿಬಿಟ್ಟೇ ಹೇಳಬೇಕು.

ಹೆಸರು ಕೇಳಿ ಹೆದರುವ ಇನ್ನೊಂದು ಸಂಗತಿ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್. ಕೊಪ್ಪಳದ ಆ ಅಕ್ಕನಿಗೆ ನೋವು ವಿಪರೀತವಾಗಿ ಮೂರು ರಾತ್ರಿ ನಿದ್ದೆಯಿರಲಿಲ್ಲ. ನೋವಿನ ವಿಭಾಗಕ್ಕೆ ಹೋಗಿ ಎಂದಾಗ ‘ಕೈಬಿಟ್ಟರು’ ಎಂದು ಅವರ ತಂಗಿ ಅತ್ತರು. ಅಲ್ಲಿ ಕೊಟ್ಟ ಮಾರ್ಫಿನ್ ಮಾತ್ರೆಯಿಂದ ಆ ಅಕ್ಕ ನಿದ್ದೆ ಮಾಡಿದರು, ಎದ್ದು ಉಪ್ಪಿಟ್ಟು ಕೇಳಿದರು. ಚಿಕಿತ್ಸೆ ನಡೆಯುತ್ತಿರುವಾಗಲೇ ಈ ಆರೈಕೆಯನ್ನು ಪಡೆಯಬಹುದು, ಅದು ರೋಗಿಗೆ ಎಷ್ಟೋ ಅಷ್ಟೇ ನೋಡಿಕೊಳ್ಳುವವರಿಗೂ ಸೇರಿದ್ದು. ರೋಗ ವಾಸಿಯಾಗದ ಹಂತಕ್ಕೆ ಬಂದವರಿಗೆ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ ಹಣ ಪಡೆಯದೆ ಆರೈಕೆ ಮಾಡುತ್ತದೆ. ಅದನ್ನು ನಡೆಸುವ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ. ಮೂವತ್ತು ವರ್ಷ ಕಳೆದರೂ ಅದರ ಹೆಸರನ್ನು ನಾವು ಮೆಲುದನಿಯಲ್ಲೇ ಹೇಳುತ್ತೇವೆ.

ನನ್ನ ವಿಷಯಕ್ಕೆ ಬಂದರೆ, ಅಟೆಂಡರ್ ಎಂಬ ಹುದ್ದೆಗೆ ರಜೆಯೂ ಇಲ್ಲ, ಫೈಲೂ ಇಲ್ಲ. ನನ್ನ ಬಿಪಿ ಮಾತ್ರೆ ಮುಗಿದು ಹದಿನೈದು ದಿನವಾಗಿದ್ದು ನನಗೇ ನೆನಪಿರಲಿಲ್ಲ. ಕಿಮೋ ಆದ ದಿನಗಳಲ್ಲಿ 100.4 ಡಿಗ್ರಿ ಜ್ವರ ಬಂದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಬರಬೇಕೆಂದು ಹೇಳಿದ್ದರಿಂದ, ರಾತ್ರಿ ಎರಡು ಗಂಟೆಗೆದ್ದು ಅಮ್ಮನ ಹಣೆ ಮುಟ್ಟಿ ನೋಡುವುದು ಅಭ್ಯಾಸವಾಗಿ, ಜ್ವರವಿಲ್ಲದಿದ್ದರೂ ನಿದ್ದೆ ಹತ್ತುತ್ತಿರಲಿಲ್ಲ. ಅಂಥದೊಂದು ರಾತ್ರಿ 14416ಕ್ಕೆ ಕರೆ ಮಾಡಿದೆ. ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಅತ್ತ ಕಡೆಯವರು ಉಪದೇಶವನ್ನೇನೂ ಮಾಡಲಿಲ್ಲ. ‘ನೀವು ಊಟ ಮಾಡಿದ್ರಾ?’ ಎಂದು ಕೇಳಿದರು. ಐದು ವಾರದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ತಂಗಿಯ ಮದುವೆ ಮರುವರ್ಷ ಆಯಿತು. ಬೀಗರಿಗೆ ಕಾಯಿಲೆಯ ವಿಷಯವನ್ನು ಹೇಳಿಯೇ ಮಾಡಿದೆವು. ಅದಕ್ಕೆ ಮೊದಲು ಬಂದಿದ್ದ ಒಂದು ಸಂಬಂಧ ಕಾಯಿಲೆಯ ಕಾರಣಕ್ಕೇ ಹಿಂದೆ ಸರಿಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಅಮ್ಮನನ್ನು ಈಗ ಕಾಲಕಾಲಕ್ಕೆ ತಪಾಸಣೆಗೆ ಕರೆದೊಯ್ಯಬೇಕು. ಮುಂದಿನ ಸಲಕ್ಕೆ ಅಮ್ಮ ಮತ್ತು ಚಿಕ್ಕಮ್ಮ ತಾವೇ ದಿನ ಗೊತ್ತು ಮಾಡಿಕೊಂಡಿದ್ದಾರೆ. ಅಂದು ನನಗೆ ಶಾಲೆಯಿದೆ, ಹತ್ತನೇ ತರಗತಿಯವರ ಕಿರುಪರೀಕ್ಷೆ. ನೀನು ಬರುವುದು ಬೇಡ ಎಂದಿದ್ದಾರೆ.