ಉಸಿರು ಎಳೆಯುವುದಲ್ಲ, ಮೊದಲು ಬಿಡುವುದನ್ನು ಕಲಿಯಬೇಕು

ಯಾರಾದರೂ ಏದುಸಿರು ಬಿಡುತ್ತಿದ್ದರೆ ಸುತ್ತ ಇದ್ದವರೆಲ್ಲ ಹೇಳುವುದು ಒಂದೇ: ‘ಜೋರಾಗಿ ಉಸಿರು ಎಳ್ಕೊಳ್ಳಿ, ಇನ್ನೂ ಎಳ್ಕೊಳ್ಳಿ’. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಹತ್ತುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಅವರ ಎದೆಯಲ್ಲಿ ಗಾಳಿ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ಉಸಿರು ಬಿಡುವಾಗ ಸಣ್ಣ ಶ್ವಾಸನಾಳಗಳು ಕುಸಿದು ಮುಚ್ಚಿಕೊಳ್ಳುತ್ತವೆ, ಹಳೇ ಗಾಳಿ ಒಳಗೇ ಉಳಿಯುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದರೆ ಏನು ಪ್ರಯೋಜನ?

ಅದಕ್ಕೇ ಫಿಸಿಯೋಥೆರಪಿಯಲ್ಲಿ ಮೊದಲ ಪಾಠ ಉಸಿರು ಬಿಡುವುದು. ಬಾಯಿ ಮುಚ್ಚಿ, ಎರಡು ಎಣಿಸುವಷ್ಟು ಹೊತ್ತು ಮೂಗಿನಿಂದ ಸಾಧಾರಣವಾಗಿ ಎಳೆದುಕೊಂಡು, ಸೀಟಿ ಹಾಕುವವರ ಹಾಗೆ ತುಟಿ ಚೂಪು ಮಾಡಿ ನಾಲ್ಕು ಎಣಿಸುತ್ತಾ ಬಿಡಬೇಕು. ತುಟಿಯ ಹತ್ತಿರದ ಆ ಸಣ್ಣ ತಡೆ ಒಳಗೆ ಒತ್ತಡ ಉಳಿಸಿ, ನಾಳಗಳು ಬೇಗ ಮುಚ್ಚದಂತೆ ನೋಡಿಕೊಳ್ಳುತ್ತದೆ. ಬಹಳ ಜನ ಕೆನ್ನೆ ಉಬ್ಬಿಸಿ, ಹೊಟ್ಟೆ ಬಿಗಿಹಿಡಿದು ಊದುತ್ತಾರೆ. ಬಲವಂತವಾಗಿ ಊದಿದಷ್ಟೂ ನಾಳಗಳು ಬೇಗ ಮುಚ್ಚುತ್ತವೆ. ಎದುರಿಗೆ ದೀಪವಿದೆ ಅಂದುಕೊಳ್ಳಿ. ಅದರ ಕುಡಿ ಬಾಗಬೇಕು, ಆರಬಾರದು. ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ, ಬಗ್ಗುವಾಗ ಶ್ರಮ ಬೀಳುವ ಕ್ಷಣಕ್ಕೆ ಉಸಿರು ಬಿಡುತ್ತಿರಬೇಕು. ಉಸಿರು ಬಿಗಿಹಿಡಿದು ಬಗ್ಗಿದರೆ ದಮ್ಮು ಹತ್ತುವುದು ಖಂಡಿತ.

ತೀರಾ ಕಷ್ಟವಾದಾಗ ಮಲಗಿಸಬೇಡಿ. ಕುರ್ಚಿಯಲ್ಲಿ ಕೂತು ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿದರೆ ಎದೆ, ಭುಜದ ಸ್ನಾಯುಗಳಿಗೆ ಆಸರೆ ಸಿಕ್ಕಿ ಅವೂ ಉಸಿರಾಟಕ್ಕೆ ಕೈಜೋಡಿಸುತ್ತವೆ.

ಇನ್ನು ಕಫ. ಕೆಮ್ಮಿ ಕೆಮ್ಮಿ ಸುಸ್ತಾಗುವುದು ಕಫ ತೆಗೆಯುವ ದಾರಿಯಲ್ಲ. ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ ಕಫ ಕಟ್ಟಿಕೊಳ್ಳುವ ಕಾಯಿಲೆ) ಇರುವವರಿಗೆ ಕಲಿಸುವ ಕ್ರಮ ಹೀಗಿದೆ: ಭುಜ ಸಡಿಲ ಬಿಟ್ಟು 20-30 ಸೆಕೆಂಡ್ ಮೆಲ್ಲನೆ ಉಸಿರಾಡಿ. ಆಮೇಲೆ 3-4 ಸಲ ಆಳವಾಗಿ ಎಳೆದು, ಪ್ರತಿ ಸಲ 3 ಸೆಕೆಂಡ್ ತಡೆದು ಬಿಡಿ. (ಇಲ್ಲಿ ಮಾತ್ರ ಆಳವಾದ ಉಸಿರಿಗೆ ಕೆಲಸವಿದೆ. ತಡೆಯುವ ಆ 3 ಸೆಕೆಂಡಿನಲ್ಲೇ ಪಕ್ಕದ ದಾರಿಗಳಿಂದ ಗಾಳಿ ಕಫದ ಹಿಂದಕ್ಕೆ ಸೇರುವುದು.) ಮತ್ತೆ ಮೆಲ್ಲನೆಯ ಉಸಿರಾಟ. ನಂತರ ‘ಹಫ್’: ಬಾಯಿ ಅಗಲಿಸಿ, ಕನ್ನಡಕದ ಗಾಜಿಗೆ ಹಬೆ ಹಿಡಿಸುವಾಗ ಮಾಡುತ್ತೇವಲ್ಲ, ಆ ‘ಹಾ’. ಒಂದೋ ಎರಡೋ ಸಲ ಸಾಕು. ಕಫ ಆಳದಲ್ಲಿದ್ದರೆ ಸಾಧಾರಣ ಉಸಿರೆಳೆದು ಉದ್ದನೆಯ ಹಫ್, ಗಂಟಲ ಹತ್ತಿರ ಬಂದಿದ್ದರೆ ಪೂರ್ತಿ ಎಳೆದು ಚಿಕ್ಕದಾದ, ಜೋರಾದ ಹಫ್. ಗಂಟಲಲ್ಲಿ ಗರಗರ ಕೆರೆದ ಹಾಗಾದರೆ ಗಂಟಲು ಬಿಗಿಯಾಗಿದೆ ಎಂದರ್ಥ. ಶಬ್ದ ಹೊಟ್ಟೆಯಿಂದ ಬರಬೇಕು. ಇಡೀ ಸುತ್ತನ್ನು 10-20 ನಿಮಿಷ ಮಾಡಬಹುದು. ಉಬ್ಬಸ ಶುರುವಾದರೆ ನಡುವಿನ ವಿಶ್ರಾಂತಿ ಸಾಲಲಿಲ್ಲ ಎಂದು ತಿಳಿಯಿರಿ. ಶ್ವಾಸನಾಳ ಹಿಗ್ಗಿಸುವ ಇನ್ಹೇಲರ್ ಇದ್ದರೆ ಅದನ್ನು 15 ನಿಮಿಷ ಮೊದಲೇ ತೆಗೆದುಕೊಳ್ಳಿ, ನಂತರವಲ್ಲ.

ಮೂರು ಚೆಂಡಿನ ಸ್ಪೈರೋಮೀಟರ್ ಬಗ್ಗೆಯೂ ಹೇಳಬೇಕು, ಏಕೆಂದರೆ ಅದನ್ನು ತಲೆಕೆಳಗು ಹಿಡಿದು ಊದುವವರಿಗೆ ಲೆಕ್ಕವಿಲ್ಲ. ಅದು ಎಳೆಯುವ ಸಾಧನ. ಆಪರೇಷನ್ ಆದಮೇಲೆ ನೋವಿಗೆ ಹೆದರಿ ಮೇಲುಮೇಲೆ ಉಸಿರಾಡುವವರ ಶ್ವಾಸಕೋಶ ಅರಳಲಿ ಎಂದು ಕೊಡುತ್ತಾರೆ. ಮೂರನೇ ಚೆಂಡನ್ನು ಟಣ್ ಎಂದು ಹಾರಿಸುವುದು ಸಾಹಸವೇನಲ್ಲ, ಮೊದಲನೆಯದನ್ನು 2-3 ಸೆಕೆಂಡ್ ಮೇಲೆ ನಿಲ್ಲಿಸುವುದೇ ವ್ಯಾಯಾಮ. ದಮ್ಮು ಇರುವವರಿಗೆಲ್ಲ ಅದನ್ನೊಂದು ಕೊಟ್ಟು ಕಳಿಸುವುದು ನನ್ನ ಪ್ರಕಾರ ಚಿಕಿತ್ಸೆಯಲ್ಲ, ಕೈತೊಳೆದುಕೊಳ್ಳುವುದು.

ಯಾಕೆಂದರೆ ನಿಜವಾದ ಲಾಭ ಇರುವುದು ಕಾಲಿನಲ್ಲಿ. ದಮ್ಮಿಗೆ ಹೆದರಿ ನಡೆಯುವುದು ಬಿಟ್ಟವರ ತೊಡೆ ಸ್ನಾಯು ಕರಗುತ್ತದೆ. ಕರಗಿದ ಸ್ನಾಯು ಅದೇ ಕೆಲಸಕ್ಕೆ ಬೇಗ ದಣಿದು ಹೆಚ್ಚು ಉಸಿರು ಬೇಡುತ್ತದೆ. ವಾರಕ್ಕೆ ಕನಿಷ್ಠ ಎರಡು ದಿನ ತಜ್ಞರ ಮುಂದೆ, ಉಳಿದಂತೆ ಮನೆಯಲ್ಲಿ, 6-8 ವಾರ ನಡಿಗೆ ಮತ್ತು ಕಾಲಿನ ವ್ಯಾಯಾಮ ಮಾಡಿದರೆ ಶ್ವಾಸಕೋಶದ ಪರೀಕ್ಷೆಯ ಅಂಕಿ ಹಾಗೇ ಇದ್ದರೂ 6 ನಿಮಿಷದಲ್ಲಿ ನಡೆಯುವ ದೂರ ಹೆಚ್ಚುತ್ತದೆ. ಸುಮಾರು 30 ಮೀಟರ್ ಹೆಚ್ಚಿದರೂ ಅದು ನಿತ್ಯದ ಓಡಾಟದಲ್ಲಿ ಗೊತ್ತಾಗುವಂಥ ಬದಲಾವಣೆ. ಏದುಸಿರೇ ಇಲ್ಲದಿದ್ದರೆ 0, ತಡೆಯಲಾಗದಷ್ಟಿದ್ದರೆ 10 ಎಂಬ ಅಳತೆಯಲ್ಲಿ, ವ್ಯಾಯಾಮ ಮಾಡುವಾಗ ಅದು 3-4ರಷ್ಟು ಬರಲೇಬೇಕು. ಒಂದು ವಾಕ್ಯ ಮಾತಾಡಬಹುದು, ಹಾಡಲಾಗದು, ಅಷ್ಟು.

ಕಫದಲ್ಲಿ ರಕ್ತ, ಎದೆನೋವು, ತುಟಿ ನೀಲಿಯಾಗುವುದು, ಕೂತಲ್ಲೇ ಮಾತು ಪೂರ್ತಿ ಮಾಡಲಾಗದಷ್ಟು ದಮ್ಮು ಕಂಡರೆ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಮೂಳೆ ಟೊಳ್ಳಾಗಿ ಬಲ ಕಳೆದುಕೊಂಡವರ ಬೆನ್ನು ತಟ್ಟಿ ಕಫ ತೆಗೆಯಲು ಹೋಗಬೇಡಿ, ಪಕ್ಕೆಲುಬು ಮುರಿದೀತು.