ಕಾಫಿ ಹೂವೂ ಕೊಬ್ಬರಿ ಎಣ್ಣೆಯೂ

ಹೂಮಳೆ ಬಿತ್ತು ಅಂದರೆ ಕೊಡಗಿನಲ್ಲಿ ಎಲ್ಲರೂ ಬೆರಳು ಮಡಚಿ ದಿನ ಎಣಿಸುತ್ತಾರೆ. ಎಂಟೊಂಬತ್ತು ದಿನಕ್ಕೆ ಕಾಫಿ ಹೂವು ಅರಳಿ ತೋಟ ಬೆಳ್ಳಗಾಗುತ್ತದೆ. ಬೆಳಿಗ್ಗೆ ಕಿಟಕಿ ತೆಗೆದರೆ ಮಲ್ಲಿಗೆಯ ತಂಗಿಯಂಥ ಪರಿಮಳ ಒಳಗೆ ಬಂದು ಕೂತುಬಿಡುತ್ತದೆ. ಎರಡು ಮೂರು ದಿನ, ಅಷ್ಟೇ. ಹೂವು ಕಂದಾದ ಮೇಲೆ ನಾವು ಫಸಲಿನ ಲೆಕ್ಕಕ್ಕೆ ಇಳಿಯುತ್ತೇವೆ.

ಇದನ್ನು ಬಾಟ್ಲಿಗೆ ತುಂಬಬೇಕು ಅನ್ನೋ ಹುಚ್ಚು ಒಂದು ವರ್ಷ ನನಗೆ ಹಿಡಿಯಿತು. ಓದಿದ್ದರ ತಪ್ಪು. ಫ್ರಾನ್ಸಿನ ಗ್ರಾಸ್ ಊರಿನ ಸುಗಂಧದವರು ಹಿಂದೆ ಮಲ್ಲಿಗೆಯನ್ನು ಬೇಯಿಸುತ್ತಿರಲಿಲ್ಲ, ಶಾಖಕ್ಕೆ ಅದರ ವಾಸನೆ ಕೆಡುತ್ತದೆ. ಗಾಜಿಗೆ ಕೊಬ್ಬು ಬಳಿದು ಮೇಲೆ ಹೂವು ಹರಡುತ್ತಿದ್ದರು. ಹಳೆ ಹೂವು ತೆಗೆದು ಹೊಸದು, ಮತ್ತೆ ತೆಗೆದು ಹೊಸದು. ಕೊಬ್ಬು ಹೊಟ್ಟೆ ತುಂಬಾ ಪರಿಮಳ ಕುಡಿದ ಮೇಲೆ ಆಲ್ಕೋಹಾಲಿನಲ್ಲಿ ತೊಳೆದು ಬಿಡಿಸಿಕೊಳ್ಳುತ್ತಿದ್ದರು. ಅವರು ಬಳಸಿದ್ದು ಹಂದಿ, ದನದ ಕೊಬ್ಬು. ಹಂದಿ ಕೊಬ್ಬಿಗೆ ನಮ್ಮಲ್ಲೇನು ಬರವೇ? ಆದರೆ ಹಂದಿ ಸಾರಿಗೆ ಹಾಕುವ ನಮ್ಮ ಹುಳಿ, ಕಾಚಂಪುಳಿ ಜೊತೆಗಿನ ಅದರ ಸಂಬಂಧ ಮುರಿಯಲು ಮನಸ್ಸು ಬರಲಿಲ್ಲ. ಕೊಬ್ಬರಿ ಎಣ್ಣೆ ತೆಗೆದುಕೊಂಡೆ.

ಮೂರು ದಿನ ಹೂವು ಬದಲಾಯಿಸಿದೆ. ನಾಲ್ಕನೇ ದಿನ ಚಿಕ್ಕಮ್ಮ ಮುಚ್ಚಳ ತೆಗೆದು ಮುಖ ಹಿಂದಕ್ಕೆಳೆದರು.

"ಇದರೊಳಗೆ ಇಲಿ ಬಿದ್ದಿದ್ಯಾ ಮಾರಾಯ?"

ನಾನು ವಿಜ್ಞಾನ ತೆಗೆದೆ. ಮಲ್ಲಿಗೆಯಲ್ಲೇ ಇಂಡೋಲ್ ಅಂತ ಒಂದು ವಸ್ತು ಇದೆ, ಮಲದ ವಾಸನೆಯಲ್ಲೂ ಅದೇ ಇರುತ್ತದೆ, ಚೂರೇ ಚೂರು ಇದ್ದರೆ ಹೂವು, ಜಾಸ್ತಿಯಾದರೆ ಕೊಟ್ಟಿಗೆ, ಅಂತೆಲ್ಲ. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡು ಹೇಳಿದರು: "ಸರಿ. ಮಳೆ ಎಲ್ಲಿ ಹಾಕಿದ್ದೀಯ? ಬೆಳಗಿನ ಥಂಡಿ?"

ಚಿಕ್ಕಮ್ಮ ತಮಗೇ ಗೊತ್ತಿಲ್ಲದೆ ಸೆಂಟ್ ತಯಾರಕ ಜಾನ್ ಕ್ಲೋಡ್ ಎಲೆನಾ ಕಡೆಯವರಾಗಿಬಿಟ್ಟರು. ಈ ಮನುಷ್ಯ ಗ್ರಾಸ್‌ನಲ್ಲೇ 1947ರಲ್ಲಿ ಹುಟ್ಟಿ, ಹದಿನಾರಕ್ಕೇ ಸುಗಂಧದ ಕಾರ್ಖಾನೆ ಸೇರಿದವರು. 2004ರಲ್ಲಿ ಎರ್ಮೆಸ್ ಕಂಪನಿಗೆ ಹೋದ ಮೇಲೆ ನೈಲ್ ನದಿಯ ಹೆಸರಲ್ಲಿ ಒಂದು ಸೆಂಟ್ ಮಾಡಬೇಕಾಯಿತು. ಈಜಿಪ್ಟಿನ ಆಸ್ವಾನ್ ಸುತ್ತಿದರು. ಕೊನೆಗೆ ಮೂಗಿಗೆ ಹಿಡಿಸಿದ್ದು ಮರದಲ್ಲಿ ನೇತಾಡುತ್ತಿದ್ದ ಮಾವಿನಕಾಯಿ! ನಾವು ಉಪ್ಪಿನಕಾಯಿಗೆ ಇಳಿಸುವ ಅದೇ ಕಾಯಿ. ಹಾಗಂತ ಅವರು ಕಾಯಿ ಹಿಂಡಲು ಕೂರಲಿಲ್ಲ. ವಸ್ತುವನ್ನೇ ತುಂಬುವುದಲ್ಲ, ಅದಿದೆ ಅಂತ ಮೂಗನ್ನು ನಂಬಿಸುವುದು ಅವರ ಕಸುಬು. ಚಾಕೊಲೇಟಿಗೆ ಅವರು ವಾಸನೆ ನೋಡುವ ಎರಡೇ ಕಾಗದದ ಪಟ್ಟಿಗಳನ್ನು ಎರಡು ರಾಸಾಯನಿಕಗಳಲ್ಲಿ ಅದ್ದುತ್ತಾರೆ: ಒಂದು ವೆನಿಲಿನ್, ಇನ್ನೊಂದು ಐಸೊಬ್ಯೂಟೈಲ್ ಫಿನೈಲಸಿಟೇಟ್. ಎರಡನ್ನೂ ಸೇರಿಸಿ ಬೀಸಣಿಗೆಯಂತೆ ಮೂಗಿನ ಮುಂದೆ ಆಡಿಸಿದರೆ ಚಾಕೊಲೇಟ್ ಬಂತು. ಕೋಕೋ ಅಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಹೂಮಳೆಗೆ ಯಾವ ಎರಡು ಪಟ್ಟಿ? ಮಲ್ಲಿಗೆಯದೊಂದು ಸರಿ. ಇನ್ನೊಂದಕ್ಕೆ ಒದ್ದೆ ತರಗೆಲೆ ಅನ್ನಲೋ, ತೋಟದ ಕೆಲಸದವರ ಲೈನ್ ಮನೆಯ ಸೌದೆ ಹೊಗೆ ಅನ್ನಲೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಎಣ್ಣೆಯನ್ನು ಚಿಕ್ಕಮ್ಮ ಚೆಲ್ಲಲಿಲ್ಲ. ಕೊಟ್ಟಿಗೆ ಬಾಗಿಲಿನ ತಿರುಗಣಿಗೆ ಬಿಟ್ಟರು. ಎಷ್ಟೋ ವರ್ಷದಿಂದ ಕಿರುಗುಟ್ಟುತ್ತಿದ್ದ ಬಾಗಿಲು, ಈಗ ದನ ಹೊರಗೆ ಹೋದರೂ ಗೊತ್ತಾಗುವುದಿಲ್ಲ.